ಒಂದು ಕೆನ್ನೆಯ ಪೌಡರ್

ನಮ್ಮ ಮಾಮಾನ ಬಲಗೆನ್ನೆ ಎಡಗೆನ್ನೆಗಿಂತ ಯಾವತ್ತೂ ಬೆಳ್ಳಗಿರುತ್ತಿತ್ತು. ಹುಟ್ಟಿನಿಂದ ಬಂದದ್ದಲ್ಲ, ಪೌಡರಿನದು. ಮುಖ ತುಸು ಓರೆ ಮಾಡಿ ಬಲಗೈಯಲ್ಲಿ ಫೋನ್ ಹಿಡಿದು ವಿಡಿಯೊ ಮಾಡುವುದು ಅವನ ರೂಢಿ. ಕಾಣುವುದು ಆ ಒಂದೇ ಕೆನ್ನೆ. ಕಾಣದ ಕೆನ್ನೆಗೆ ಯಾಕೆ ಪೌಡರ್ ದಂಡ ಮಾಡಬೇಕು ಎಂಬುದು ಅವನ ವಾದ. ಮಧ್ಯಾಹ್ನದ ಬೆವರಿಗೆ ಮೂಗಿನ ಮೇಲೆ ಗಡಿ ಹಾಕಿದಂತೆ ಒಂದು ಗೀಟು ಮೂಡುತ್ತಿತ್ತು.

"ಮಾಮಾ, ಒಂದ್ ಕಡೆ ಹಗಲು, ಒಂದ್ ಕಡೆ ರಾತ್ರಿ ಆಗೇತಿ ನೋಡು."

"ನೀ ಹಗಲಿನ ಕಡೆ ಕುಂದ್ರಲೇ ಅಳಿಯಾ."

ಅವ್ವನ ಕಾಕಾನ ಮಗ ಅವನು. ನನಗಿಂತ ನಾಕೈದು ವರ್ಷ ದೊಡ್ಡವ. ಸಣ್ಣವನಿದ್ದಾಗಲೇ ತಂದೆ-ತಾಯಿ ಇಬ್ಬರನ್ನೂ ಕಳಕೊಂಡು, ಯರಗುಪ್ಪಿಯಲ್ಲಿ ಒಂದು ಮನೆ, ಕುಂದಗೋಳದಲ್ಲಿ ನಮ್ಮ ಮನೆ ಎಂದು ತಾಟು ಬದಲಿಸುತ್ತ ಬೆಳೆದವ. ಡಿಗ್ರಿ ಮುಗಿಸಿ ದನದ ಹಿಂಡಿ ಮಾಡುವ ಒಂದು ಕಂಪನಿಯ ಮಾರ್ಕೆಟಿಂಗ್ ನೌಕರಿ ಹಿಡಿದ ಮೇಲೆ, ಯಾರ ಮನೆಯ ತಾಟೂ ಬೇಡವೆಂದು ಕುಂದಗೋಳದಲ್ಲೇ ಬಾಡಿಗೆ ಖೋಲಿ ಮಾಡಿದ್ದ. ಒಳಗೆ ಒಂದು ಕಾಟು, ಎರಡು ಅಂಗಿ, ದುಂಡನೆಯ ಬೆಳಕಿನ ದೀಪ, ಮತ್ತು ಗ್ವಾಡಿಗೆ ಹಚ್ಚಿದ ಹಸಿರು ಬಟ್ಟೆ. ಬಂದವರಿಗೆ ಕೂರಲು ಜಾಗವಿರಲಿಲ್ಲ. ಬರುವವರೂ ಯಾರೂ ಇರಲಿಲ್ಲ ಅನ್ನಿ, ನನ್ನೊಬ್ಬನನ್ನು ಬಿಟ್ಟರೆ.

"ನಮಸ್ಕಾರ ಹೈನುಗಾರ ಬಂಧುಗಳೇ!" ಎಂದು ಅವನ ವಿಡಿಯೊ ಶುರುವಾಗುತ್ತಿತ್ತು. ಅಷ್ಟು ಶುದ್ಧ ಕನ್ನಡ ಅವನಿಗೆ ಎಲ್ಲಿಂದ ಬರುತ್ತಿತ್ತೋ! ಕ್ಯಾಮೆರಾ ಬಂದಾಗುತ್ತಲೇ "ಲೇ, ಆ ಗಿರ್ಮಿಟ್ ಪೊಟ್ಟಣಾ ಕೊಡಲೇ, ಹಸದು ಸಾಯಾಕತ್ತೇನಿ" ಎಂದು ನಮ್ಮೂರಿಗೆ ಇಳಿಯುತ್ತಿದ್ದ. ವಿಡಿಯೊ ಹಾಕಿ ಫೋನನ್ನು ಕಾಟಿನ ಮೇಲೆ ಬೋರಲು ಇಡುತ್ತಿದ್ದ. ತಾನೂ ಅದರ ಬಾಜು ಬೋರಲು ಬೀಳುತ್ತಿದ್ದ. ಹೀಗೆ ಸ್ವಲ್ಪ ಹೊತ್ತು ಇಬ್ಬರೂ ಮಲಗಿದ್ದು, ಆಮೇಲೆ ಫೋನನ್ನು ಮೆಲ್ಲಗೆ ಹೊರಳಿಸಿ ನೋಡುತ್ತಿದ್ದ. ಅದೇ ಮಂದಿ. ಕಂಪನಿಯ ನಾಕು ಜನ, ನಮ್ಮವ್ವ, ನಾನು, ಮತ್ತು ಏನು ಹಾಕಿದರೂ ಗುಲಾಬಿ ಹೂ ಕಳಿಸುವ ಅಣ್ಣಿಗೇರಿಯ ಒಬ್ಬ ಮನುಷ್ಯ.

"ಮಂದಿ ನೋಡಬೇಕಲೇ ಅಳಿಯಾ" ಅನ್ನುತ್ತಿದ್ದ. "ಹಿಂಡಿ ತಗೊಳ್ಳಲಿ ಬಿಡಲಿ. ನೋಡಬೇಕು."

ಇನ್ನು ನನ್ನ ಕಥೆ. ಝೆರಾಕ್ಸ್ ಅಂಗಡಿಯಲ್ಲಿ ಕೂರುವುದು ಹೆಸರಿಗೆ, ಅಸಲಿಗೆ ನನ್ನ ಕಸುಬು ಮಂದಿಯ ದನಿ ತೆಗೆಯುವುದು. ಕಂಡಕ್ಟರ್, ಬ್ಯಾಂಕಿನ ಮ್ಯಾನೇಜರ್, ಪ್ರವಚನದ ಅಜ್ಜಾವರು, ಯಾರನ್ನೂ ಬಿಟ್ಟವನಲ್ಲ. ಮನೆಯಲ್ಲಿ ನೀರು ಕೇಳಿದರೂ ಕಂಡಕ್ಟರ್ ದನಿಯಲ್ಲೇ. ದೇವರು ನನಗೆ ಕೊಟ್ಟ ದನಿ ಎಮ್ಮೆಯ ಮೈಗೆ ಆಡಿನ ಕೂಗು ಜೋಡಿಸಿದ ಹಾಗಿದೆ. ಅದನ್ನು ಹೊರಗೆ ತೆಗೆಯುವುದಕ್ಕಿಂತ ಊರ ಮಂದಿಯ ದನಿ ಕಡ ತರುವುದೇ ಮೇಲು ಅಂತ ನಾನು ಎಂದೋ ಖಾಯಂ ಮಾಡಿಕೊಂಡಿದ್ದೆ. ಮಾಮಾ ಒಮ್ಮೆ ಕೇಳಿದ್ದ, "ಎಲ್ಲಾರ್ದೂ ಆತು, ನಿಂದ್ ಯಾವುದಲೇ?" ನಾನು ಮ್ಯಾನೇಜರ ದನಿಯಲ್ಲಿ, "ಸರ್ವರ್ ಡೌನ್ ಅದ, ನಾಳೆ ಬರ್ರಿ" ಅಂದಿದ್ದೆ.

ಹುಬ್ಬಳ್ಳಿಯ ಒಂದು ಸಣ್ಣ ಕೇಬಲ್ ಚಾನೆಲ್ಲಿನವರು ರವಿವಾರ ರವಿವಾರ 'ಕೇಳಿರಿ, ಹೇಳುತ್ತೇವೆ' ಎಂದು ನೇರ ಕಾರ್ಯಕ್ರಮ ಇಟ್ಟುಕೊಂಡಿದ್ದರು. ಕಂಪನಿಯ ಕಡೆಯಿಂದ ಮಾಮಾ ಕೂರುವುದು, ರೈತರು ಫೋನ್ ಹಚ್ಚಿ ದನಕರುಗಳ ಬಗ್ಗೆ ಕೇಳುವುದು. ಟಿವಿ! ಮಾಮಾ ಒಂದು ನೀಲಿ ಟೈ ಖರೀದಿ ಮಾಡಿದ. ಟೇಬಲ್ಲಿನ ಕೆಳಗೆ ಕಾಣುವುದಿಲ್ಲವೆಂದು ಕಾಲಿಗೆ ಹವಾಯಿ ಚಪ್ಪಲ್ಲೇ ಇದ್ದವು.

ಆದರೆ ಫೋನೇ ಬರದಿದ್ದರೆ? ಅದಕ್ಕೂ ದಾರಿ ಹುಡುಕಿದ್ದ. "ಮೊದಲ ನೀ ಹಚ್ಚು. ಒಬ್ಬರು ಹಚ್ಚಿದ್ರ ಮುಂದಿನವ್ರಿಗೆ ಧೈರ್ಯ ಬರ್ತೈತಿ."

ಮೊದಲನೇ ರವಿವಾರ ಸ್ಟುಡಿಯೊದ ಹೊರಗಿನ ಮೆಟ್ಟಿಲ ಮೇಲೆ ಕೂತು ನವಲಗುಂದದ ಮುದುಕನಾಗಿ ಫೋನ್ ಹಚ್ಚಿದೆ. ಮುಂದಿನವರಿಗೆ ಧೈರ್ಯ ಬರಲಿಲ್ಲ. ಅಣ್ಣಿಗೇರಿಯ ನಿವೃತ್ತ ಮಾಸ್ತರನಾಗಿ ಹಚ್ಚಿದೆ. ಆಮೇಲೆ ಕಲಘಟಗಿಯ ಗೌಡ್ತಿಯಾದೆ. "ನಮ್ಮ ಆಕಳ ಟಿವಿ ಹಚ್ಚಿದ್ರಷ್ಟ ಹಾಲ ಕೊಡ್ತೈತ್ರಿ ಸಾಹೇಬ್ರ, ಏನ್ ಮಾಡೂಣ್ರಿ?" ಎಂದು ಕೇಳಿದಾಗಲೂ ಮಾಮಾ ನಗಲಿಲ್ಲ. "ಉತ್ತಮ ಪ್ರಶ್ನೆ ತಾಯಿ" ಎಂದು ಖನಿಜ ಮಿಶ್ರಣದ ಬಗ್ಗೆ ವಿವರವಾಗಿ ಹೇಳಿದ. ಬರುವಾಗ ಬೈಕಿನ ಮೇಲೆ ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಅರ್ಧ ದಾರಿ ದಾಟಿದ ಮೇಲೆ ಅವನ ನಗು ನಿಂತಿತು. "ಖರೆ ಮಂದಿ ಒಬ್ಬರೂ ಹಚ್ಚಲಿಲ್ಲ ನೋಡಲೇ" ಅಂದ.

ಹೀಗೇ ಕೆಲವು ರವಿವಾರ ನಡೆಯಿತು. ಜಿಲ್ಲೆಯ ಎಲ್ಲ ತಾಲೂಕುಗಳೂ ನಾನೇ ಆಗಿದ್ದೆ.

ಒಂದು ರವಿವಾರ ನನಗೆ ಚಹಾದ ಚಟ ತಡೆಯಲಾಗಲಿಲ್ಲ. ಫೋನನ್ನು ಮೆಟ್ಟಿಲ ಬಳಿ ಚಾರ್ಜಿಗೆ ಇಟ್ಟು ಕೆಳಗಿನ ಚಹಾದಂಗಡಿಗೆ ಇಳಿದೆ. ಅಲ್ಲಿನ ಟಿವಿಯಲ್ಲಿ ಮಾಮಾನೇ ಇದ್ದ. ಟೈ ನೆಟ್ಟಗಿತ್ತು. ಫೋನ್ ರಿಂಗಾಯಿತು.

"ಹಲೋ... ತಮ್ಮಾ, ದುಮ್ಮವಾಡದಿಂದ ಮಾತಾಡಾಕತ್ತೇನಿ. ನಮ್ಮ ಎಮ್ಮಿ ಹಾಲ ಕಡಿಮಿ ಮಾಡೇತಿ ನೋಡಪಾ." ಮುದುಕಿಯ ದನಿ. ಹಿಂದೆಯೇ ಉದ್ದನೆಯ ಕೆಮ್ಮು.

ಮಾಮಾ ಕ್ಯಾಮೆರಾ ಮರೆತು ಹಲ್ಲು ಬಿಟ್ಟ. ಶುದ್ಧ ಕನ್ನಡವೂ ಮರೆತುಹೋಯಿತು. "ಅಜ್ಜಿ, ದನಿ ಅಗದಿ ಛಲೋ ಬಂದೈತಿ. ಕೆಮ್ಮು ಜರಾ ಕಡಿಮಿ ಮಾಡು, ಓವರ್ ಆಗಾಕತ್ತೈತಿ."

ಚಹಾದವನು ನನ್ನ ಕಡೆ ನೋಡಿದ. "ನಿಮ್ಮ ಮಾಮಾ ಹಿಂಗ್ಯಾಕ ಅಂತಾನೋ? ಪಾಪ, ಮುದುಕಿ ಐತಿ."

ನನ್ನ ಕೈಯಲ್ಲಿ ಚಹಾದ ಗ್ಲಾಸಿತ್ತು, ಬಾಯಲ್ಲಿ ಚಹಾ ಇತ್ತು. ಆ ಅಜ್ಜಿ ನಾನಲ್ಲ ಎಂಬುದು ಜಗತ್ತಿನಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೆ.

"ಕೆಮ್ಮು ನನ್ನ ಕೈಯಾಗ ಐತೇನೋ ತಮ್ಮಾ?" ಅಂತು ಟಿವಿಯಲ್ಲಿನ ದನಿ.

"ಸಾಕ ಮಾಡಲೇ ನಾಟಕಾ! ಇಡು ಫೋನು, ಮುದುಕಿ ಆಗ್ಯಾನ ಮುದುಕಿ!"

ನಾನು ಗ್ಲಾಸು ಹಿಡಿದೇ ಮೆಟ್ಟಿಲು ಹಾರಿ ಹೋಗಿ ಬಾಗಿಲು ತೆಗೆದೆ. ಮಾಮಾ ನನ್ನನ್ನು ನೋಡಿದ. ಗ್ಲಾಸು ನೋಡಿದ. ಸ್ಪೀಕರಿನಲ್ಲಿ ಅಜ್ಜಿ ಇನ್ನೂ ಕೆಮ್ಮುತ್ತಿದ್ದಳು. ನನ್ನ ಕಡೆ ತಿರುಗಿದ ಅವನ ಮುಖದಲ್ಲಿ ಆಗ ಕ್ಯಾಮೆರಾಕ್ಕೆ ಕಂಡದ್ದು ಪೌಡರ್ ಇಲ್ಲದ ಕೆನ್ನೆ.

ಅದೊಂದು ತುಣುಕನ್ನು ಯಾರೋ ಕತ್ತರಿಸಿ ಹಾಕಿದರು. ಇಷ್ಟು ದಿನ ಹಿಂಡಿ, ಹಸಿರು ಮೇವು ಎಂದು ಅರಚಿದಾಗ ಬಾರದ ಮಂದಿ ಈಗ ಹಿಂಡುಗಟ್ಟಿ ಬಂದರು. ಬಸ್ಸಿನಲ್ಲಿ ಹುಡುಗರು "ಕೆಮ್ಮು ಕಡಿಮಿ ಮಾಡು" ಅನ್ನತೊಡಗಿದರು. ನಾನು ತೆಗೆಯಬೇಕಿದ್ದ ಮಾಮಾನ ದನಿಯನ್ನು ಊರೆಲ್ಲ ತೆಗೆಯಿತು. ಕಂಪನಿಯವರು ಮೊದಲು ಬೈದರು, ಆಮೇಲೆ ಮಂದಿ ನೋಡುತ್ತಿದ್ದಾರೆಂದು ತಿಳಿದು ಬುದ್ಧಿ ಓಡಿಸಿದರು. ಅಜ್ಜಿಯ ಮನೆಗೆ ಹೋಗಬೇಕು, ಕಾಲಿಗೆ ಬೀಳಬೇಕು, ಎಮ್ಮೆಗೆ ಹಿಂಡಿಯ ಚೀಲ ಕಾಣಿಕೆ ಕೊಡಬೇಕು, ಎಲ್ಲ ವಿಡಿಯೊ ಆಗಬೇಕು. ಹಾಗಾದರೆ ನೌಕರಿ ಉಳಿಯುತ್ತದೆ. ಇಲ್ಲದಿದ್ದರೆ ಇಲ್ಲ.

ಚಾನೆಲ್ಲಿನವರ ಫೋನಿನಲ್ಲಿ ಅಜ್ಜಿಯ ನಂಬರ್ ಸಿಕ್ಕಿತು. ಚೀಲವನ್ನು ಬೈಕಿಗೆ ಕಟ್ಟಿ, ದೀಪವನ್ನು ನನ್ನ ಕೊರಳಿಗೆ ಹಾಕಿ ಹೊರಟೆವು. ನಮ್ಮ ಕಡೆಯ ಕರಿಮಣ್ಣು ಮುಗಿದು ಕೆಂಪುಮಣ್ಣು ಬರುವವರೆಗೂ ಮಾಮಾ ಹೇಳಬೇಕಾದ ಮಾತು ಬಾಯಿಪಾಠ ಮಾಡುತ್ತಿದ್ದ. "ತಾಯೀ, ತಮ್ಮ ಮನಸ್ಸಿಗೆ ನೋವಾಗಿದ್ದರೆ..."

ಅಜ್ಜಿ ಕಟ್ಟೆಯ ಮೇಲೆ ಒಬ್ಬಳೇ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಮಾಮಾನನ್ನು ನೋಡಿ, "ಟಿವಿಯಾಗ ದಪ್ಪ ಕಾಣ್ತೀ, ಇಷ್ಟ ಅದಿಯೇನು?" ಅಂದಳು. ಮಾಮಾ ಕಾಲಿಗೆ ಬಿದ್ದ. ಬಾಯಿಪಾಠವೆಲ್ಲ ಹಾರಿಹೋಗಿತ್ತು. "ತಪ್ಪಾತ ಬೇ ಅಜ್ಜಿ" ಅಂದ, ಅಷ್ಟೇ.

"ಏಳೋ. ನೀರ ಕುಡೀರಿ."

"ಎಮ್ಮಿ ಎಲ್ಲೈತಿ ಅಜ್ಜಿ? ಹಿಂಡಿ ತಂದೇವಿ."

ಅಜ್ಜಿ ಅವರೆಕಾಯಿ ಬಿಟ್ಟು ನಗತೊಡಗಿದಳು. ನಗು ಕೆಮ್ಮಾಯಿತು. "ಎಮ್ಮಿ ಎಲ್ಲಿಂದ ತರಲಿ? ಅದನ್ನ ಮಾರಿ ಭಾಳ ದಿನಾತು."

"ಮತ್ತ ಫೋನ್ ಯಾಕ ಹಚ್ಚಿದ್ದೀ?"

"ನೀ ಒಬ್ಬನ ಕುಂತಿದ್ದೆಲ್ಲಪಾ. ಆ ಫೋನ್ ನೋಡೂದು, ಈ ಕಡೆ ನೋಡೂದು. ಯಾರೂ ಹಚ್ಚವಲ್ರು. ಕೂಸು ಹೆಂಗ ಕುಂತೈತಿ ನೋಡು ಅನಿಸ್ತು. ಹಚ್ಚಿದ ಮ್ಯಾಲೆ ಏನರೆ ಕೇಳಬೇಕಲ್ಲ, ಎಮ್ಮಿ ಅಂದೆ."

ನಾನು ದೀಪ ಹಚ್ಚಲು ಗುಂಡಿ ಹುಡುಕುತ್ತಿದ್ದೆ. ಮಾಮಾ ಹಿಂದಿನಿಂದ ಕೈ ಚಾಚಿ ನನ್ನ ಮಣಿಕಟ್ಟು ಹಿಡಿದ. "ಬ್ಯಾಡಲೇ" ಅಂದ.

ಊಟ ಮಾಡಿಯೇ ಎದ್ದೆವು. ನಾನು ಗೌಡ್ತಿ, ಮಾಸ್ತರ, ಕಂಡಕ್ಟರ್ ಎಲ್ಲರನ್ನೂ ಅಜ್ಜಿಯ ಮುಂದೆ ಸಾಲಾಗಿ ತಂದು ನಿಲ್ಲಿಸಿದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಮಾಮಾನ ಫೋನ್ ಇಡೀ ಮಧ್ಯಾಹ್ನ ಕಿಸೆಯಿಂದ ಹೊರಗೆ ಬರಲಿಲ್ಲ. ಹಿಂಡಿಯ ಚೀಲ ಪಕ್ಕದ ಮನೆಯ ಆಕಳಿಗೆ ಹೋಯಿತು.

ನೌಕರಿಯೂ ಹೋಯಿತು. ಮಾಮಾ ಇನ್ನೊಂದು ಕಂಪನಿಯ ಪೈಪು ಮಾರಲು ಹೋದ, ವಿಡಿಯೊ ಮಾಡುವುದು ಬಿಡಲಿಲ್ಲ. ಅಲ್ಲೂ ಅದೇ "ಬಂಧುಗಳೇ," ಅದೇ ಗುಲಾಬಿ ಹೂ. ಆದರೆ ರವಿವಾರ ದುಮ್ಮವಾಡಕ್ಕೆ ಹೋಗುತ್ತಿದ್ದ, ಎಷ್ಟೋ ಸಲ ನನ್ನನ್ನೂ ಕೂರಿಸಿಕೊಂಡು. ತಿಂದ ಮಿರ್ಚಿಯನ್ನೂ ಊರಿಗೆ ತೋರಿಸುವ ಮನುಷ್ಯ ಅಜ್ಜಿಯ ಒಂದು ಫೋಟೊ ಹಾಕಲಿಲ್ಲ.

ಕೊನೆಗೆ ಅವನ ಕಣ್ಣು ಹಳದಿಯಾದದ್ದನ್ನು ನಾವು ಕಂಡದ್ದೂ ಫೋನಿನಲ್ಲೇ. ಆಗ ಪೈಪಿನ ಕೆಲಸಕ್ಕೆಂದು ಊರೂರು ತಿರುಗುತ್ತಿದ್ದ, ಭೇಟಿಯೇ ಇರಲಿಲ್ಲ. "ಯಾವ ಫಿಲ್ಟರ್ ಹಾಕೀ ಮಾಮಾ? ಹಳದಿ ಹೊಡ್ಯಾಕತ್ತೈತಿ" ಎಂದು ನಾನು ಕೆಳಗೆ ಬರೆದೆ. "ಬಿಸಿಲಲೇ" ಎಂದು ಉತ್ತರ ಹಾಕಿದ. ಅದು ಬಿಸಿಲೂ ಅಲ್ಲ, ಫಿಲ್ಟರೂ ಅಲ್ಲ, ಕಾಮಣಿ. ಖೋಲಿಯಲ್ಲಿ ಎದುರಿಗೆ ನಿಂತು ಮುಖ ನೋಡುವವರು ಒಬ್ಬರಿದ್ದರೆ ಒಂದೇ ದಿನದಲ್ಲಿ ಹೇಳುತ್ತಿದ್ದರು. ದವಾಖಾನೆಗೆ ಸೇರಿಸುವಾಗ ತಡವಾಗಿತ್ತು.

ನಮ್ಮ ಪದ್ಧತಿಯಂತೆ ಅವನನ್ನು ಕೂರಿಸಿ, ಹಾರ ಹಾಕಿ, ಮುಖಕ್ಕೆ ವಿಭೂತಿ ಹಚ್ಚಿದರು. ಎರಡೂ ಕೆನ್ನೆಗೆ ಸಮನಾಗಿ. ಎರಡೂ ಕಡೆ ಒಂದೇ ಬಣ್ಣ ಕಂಡದ್ದು ನಾನು ಅವತ್ತೇ. ಮಂದಿ ಬಂದಿದ್ದರು. ಫೋನ್ ಎತ್ತಿ ಹಿಡಿದಿದ್ದರು. ಅವನ ಫೋಟೊ ಹಾಕಿದಾಗ ಅಣ್ಣಿಗೇರಿಯ ಮನುಷ್ಯ ಗುಲಾಬಿ ಹೂವನ್ನೇ ಕಳಿಸಿದ. ಅದರ ಕೆಳಗೆ ಇನ್ನಾರೋ ಓದದೆಯೇ "ಅಭಿನಂದನೆಗಳು ಸರ್" ಎಂದು ಹಾಕಿದ್ದರು. ಇದನ್ನು ನೋಡಿದ್ದರೆ ಮಾಮಾ ಕಾಟಿನ ಮೇಲೆ ಉರುಳಾಡಿ ನಗುತ್ತಿದ್ದ ಎನಿಸಿತು. ತೋರಿಸಲು ಅವನೇ ಇರಲಿಲ್ಲ.

ಫೋನಿನ ಗುಟ್ಟಿನ ನಂಬರ್ ಗೊತ್ತಿದ್ದವ ನಾನೊಬ್ಬ ಎಂದು ಅದನ್ನು ನನ್ನ ಕೈಗೆ ಕೊಟ್ಟರು. ಮುಂದಿನ ರವಿವಾರ ಮಧ್ಯಾಹ್ನ ಅದು ರಿಂಗಾಯಿತು. ಪರದೆಯ ಮೇಲೆ 'ಅಜ್ಜಿ' ಅಂತಷ್ಟೇ ಇತ್ತು. ಅವಳಿಗೆ ಯಾರೂ ಹೇಳಿರಲಿಲ್ಲ. ಅವನಿಗೆ ಅಂಥ ಅಜ್ಜಿಯೊಬ್ಬಳಿದ್ದಾಳೆಂದು ನಮ್ಮಿಬ್ಬರ ಹೊರತು ಯಾರಿಗೆ ಗೊತ್ತಿತ್ತು?

ಎತ್ತಿಕೊಂಡೆ.

"ಯಾಕಪಾ ಈ ಸಲಾನೂ ಬರಲಿಲ್ಲ?"

ಮಾಮಾನ ದನಿ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಆ 'ಹೇಳ ಬೇ,' ಆ ಎಳೆತ, ಆ ನಗು. ಊರಿನಲ್ಲಿ ನನ್ನಷ್ಟು ಬರೋಬ್ಬರಿ ಯಾರಿಗೂ ಬರುವುದಿಲ್ಲ. ಕೆಲಸ ಭಾಳ ಐತಿ ಬೇ, ಮುಂದಿನ ವಾರ ಬರ್ತೇನಿ, ಇಷ್ಟಂದರೆ ಮುಗಿಯುತ್ತಿತ್ತು. ಮುಂದಿನ ವಾರವೂ ಅನ್ನಬಹುದಿತ್ತು.

"ಅಜ್ಜಿ" ಅಂದೆ. ತೆಳ್ಳಗೆ, ಆಡಿನ ಹಾಗೆ ಬಂತು.

ಆ ಕಡೆಯಿಂದ ಕೆಮ್ಮು.

"ತಮ್ಮಾ, ನೀ ಅಳಿಯಾ ಹೌದಲ್ಲೋ? ಇದ್ಯಾರ ದನಿ ತೆಗ್ಯಾಕತ್ತೀ?"

"ಯಾರ್ದೂ ಅಲ್ಲ ಅಜ್ಜಿ," ಅಂದೆ. "ನಂದು."