ಬಸ್ರಾದ ತೋಟಪ್ಪ ಹಾಕಿದ ತೇಪೆ

ಹೊಸಪೇಟೆಯ ಬಜಾರಿನಲ್ಲಿ ನಿಂತು ಸಿಂಪಿಗ ತೋಟಪ್ಪನ ಅಂಗಡಿ ಎಲ್ಲಿ ಎಂದು ಕೇಳಿದರೆ ನಾಲ್ಕು ಜನ ನಾಲ್ಕು ದಿಕ್ಕು ತೋರಿಸುತ್ತಿದ್ದರು. ಬಸ್ರಾದ ತೋಟಪ್ಪ ಎಂದರೆ ಮಾತ್ರ ಕೈಹಿಡಿದು ಕರೆದೊಯ್ದು ಬಿಡುತ್ತಿದ್ದರು. ಹಿಂದಿನ ಜರ್ಮನ್ ಯುದ್ಧದಲ್ಲಿ ಸಿಪಾಯಿಗಳ ಅಂಗಿ ಹೊಲಿಯುವುದಕ್ಕೆಂದು ಹಡಗು ಹತ್ತಿದವನು ಅವನು. ಇರಾಕಿನ ಬಸ್ರಾ ಬಂದರಿನಲ್ಲಿ ಇಳಿದಾಗ ಅವನ ಮುಂದೆ ತಂದಿಟ್ಟದ್ದು ವಿಮಾನದ ರೆಕ್ಕೆ. ಆಗಿನ ವಿಮಾನವೆಂದರೆ ಕಟ್ಟಿಗೆಯ ಹಂದರ, ಮೇಲೊಂದು ಬಟ್ಟೆಯ ಹೊದಿಕೆ. ಬಟ್ಟೆಯನ್ನು ಅಂಗುಲಕ್ಕೆ ಎಂಟು ಹೊಲಿಗೆಯಂತೆ ಹೊಲಿದು, ಮೇಲೆ ಡೋಪು ಎಂಬ ಮದ್ದು ಬಳಿಯಬೇಕು. ಅದು ಒಣಗುತ್ತ ಬಟ್ಟೆಯನ್ನು ಎಳೆದು ಬಿಗಿ ಮಾಡುತ್ತದೆ, ನೀರು ಇಳಿಯದಂತೆ ಕಾಯುತ್ತದೆ. ತೋಟಪ್ಪ ಎರಡು ವರ್ಷ ಆ ಕೆಲಸ ಮಾಡಿ ಊರಿಗೆ ಬಂದ. ಆಮೇಲೆ ಇಪ್ಪತ್ತೈದು ವರ್ಷ ಅದರ ಮಾತನ್ನೇ ಆಡಿಕೊಂಡು ಬದುಕಿದ.

ಅವನ ಮಾತಿನಲ್ಲಿ ಮುಕ್ಕಾಲು ಪಾಲು ನಿಜವೇ ಇತ್ತು. ಬಳ್ಳಾರಿಯ ಕಡೆ ಹೋಗುವ ವಿಮಾನದ ಸದ್ದು ಕೇಳಿಯೇ ಒಂದು ಎಂಜಿನ್ನೋ ಎರಡೋ ಎಂದು ಹೇಳುತ್ತಿದ್ದ. ಒಂದೇ ಒಂದು ಕಥೆ ಮಾತ್ರ ಸುಳ್ಳು, ಹಾಳಾದ್ದು ಜನಕ್ಕೆ ಇಷ್ಟವಾದದ್ದೂ ಅದೇ. ಒಮ್ಮೆ ಬಸ್ರಾಕ್ಕೆ ಡೋಪು ಬರಲಿಲ್ಲವಂತೆ. ನಮ್ಮ ಕುರುಬರು ಕಂಬಳಿ ಬಿರುಸಾಗಲೆಂದು ಹುಣಸೆಬೀಜ ಬೀಸಿ ಕುದಿಸಿ ಬಳಿಯುವ ಸರಿ ಎಂಬ ಗಂಜಿ ಇವನಿಗೆ ನೆನಪಾಯಿತಂತೆ. ಅದನ್ನೇ ರೆಕ್ಕೆಗೆ ಬಳಿದನಂತೆ. ವಿಮಾನ ತುರ್ಕಿಯವರ ಪಾಳೆಯದ ಮೇಲೆ ಸುತ್ತಿ ಬಂದಿತಂತೆ, ಸಾಹೇಬ ಬೆನ್ನು ತಟ್ಟಿದನಂತೆ. ಬಳಿದದ್ದೇನೋ ಹೌದು, ಮೂಲೆಗೆ ಎಸೆದ ಮುರುಕು ರೆಕ್ಕೆಯೊಂದಕ್ಕೆ. ಒಣಗಿದಾಗ ಅದು ಹಲಗೆಯಂತೆ ಬಿಗಿದುಕೊಂಡಿತ್ತು. ಸಂಜೆ ಒಂದು ಮಳೆ ಬಿದ್ದದ್ದೇ ತಡ, ಒದ್ದೆ ಪಂಚೆಯಂತೆ ಜೋತುಬಿತ್ತು. ಸಾಹೇಬ ನಕ್ಕು ಹೋಗಿದ್ದ. ಈ ನಿಜ ಗೊತ್ತಿದ್ದದ್ದು ಅವನ ಹೆಂಡತಿ ಕೊಟ್ರಬಸಮ್ಮನಿಗೆ ಮಾತ್ರ. ಮದುವೆಯಾದ ಹೊಸದರಲ್ಲಿ ಅವಳನ್ನು ನಗಿಸಲು ಹೇಳಿದ್ದ.

ಈ ಕಥೆಯನ್ನು ವೇದವಾಕ್ಯದಂತೆ ನಂಬಿದವರು ಪ್ರಭಂಜನ ರಾಯರು. ದರೋಜಿ ಸ್ಟೇಷನ್ನಿನಲ್ಲಿ ಅಸಿಸ್ಟೆಂಟ್ ಸ್ಟೇಷನ್ ಮಾಸ್ತರರು, ಮೂವತ್ತು ದಾಟಿರದ ವಯಸ್ಸು. ಪತ್ರಿಕೆಗಳಲ್ಲಿ ಬಂದ ವಿಮಾನದ ಚಿತ್ರಗಳನ್ನೆಲ್ಲ ಕತ್ತರಿಸಿ ದಪ್ಪ ಪುಸ್ತಕಕ್ಕೆ ಅಂಟಿಸುವ ಹುಚ್ಚು ಅವರಿಗೆ. ಭಾನುವಾರ ಬಂತೆಂದರೆ ಪುಸ್ತಕ ಹಿಡಿದು ತೋಟಪ್ಪನ ಅಂಗಡಿಗೆ ಬರುತ್ತಿದ್ದರು.

“ಈಗಿನ ವಿಮಾನಕ್ಕ ಮೈಯೆಲ್ಲಾ ತಗಡು ಅದ ತೋಟಪ್ಪನವ್ರೆ. ಸೂಜಿಗೆ ಕೆಲ್ಸಾನ ಇಲ್ಲ” ಎಂದು ರಾಯರು ಕೆಣಕುವರು.

“ತಗಡು ಹರದ್ರ ಕಮ್ಮಾರನ್ನ ಹುಡಕಬೇಕ್ರಿ ರಾಯರ. ಬಟ್ಟಿ ಹರದ್ರ ನಾ ಒಬ್ಬ ಸಾಕು” ಎಂದು ತೋಟಪ್ಪ ಮೀಸೆ ತಿರುವುವನು. ಅವನ ಬದುಕಿನಲ್ಲಿ ಅದಕ್ಕಿಂತ ಸುಖದ ಹೊತ್ತು ಬೇರೆ ಇರಲಿಲ್ಲ.

1943ರ ಮೇ ತಿಂಗಳ ಕೊನೆಯ ಸೋಮವಾರ, ಬಿಸಿಲಿಗೆ ಬಿರಿದ ದರೋಜಿ ಕೆರೆಯ ಅಂಗಳಕ್ಕೆ ಒಂದು ವಿಮಾನ ಇಳಿಯಿತು. ಸೇನೆಯ ಟಪಾಲು ಸಾಗಿಸುವ ಎರಡು ರೆಕ್ಕೆಯ ಸಣ್ಣ ವಿಮಾನ, ಬಟ್ಟೆಯ ಹೊದಿಕೆಯದು. ಧೂಳಿನ ಮಬ್ಬಿನಲ್ಲಿ ದಾರಿ ತಪ್ಪಿ ಇಳಿಸಿದ ಪೈಲಟ್ ಪಂಜಾಬದ ಕಡೆಯವನು, ಇಪ್ಪತ್ತೆರಡರ ತರುಣ. ಅವನಿಗೆ ಪೆಟ್ಟಾಗಿರಲಿಲ್ಲ. ಕೆಳಗಿನ ರೆಕ್ಕೆ ಮಾತ್ರ ಜಾಲಿಗೆ ಸಿಕ್ಕಿ ಎರಡು ಮೊಳ ಹರಿದಿತ್ತು. ಬಳ್ಳಾರಿಗೆ ತಂತಿ ಕಳಿಸಿದ್ದಕ್ಕೆ, ಇರುವ ಒಬ್ಬ ಮೆಕ್ಯಾನಿಕ್‌ಗೆ ಕೈತುಂಬ ಕೆಲಸ, ಬರಲು ನಾಲ್ಕು ದಿನವಾಗುತ್ತದೆ, ಅಲ್ಲೇ ಇರು ಎಂಬ ಉತ್ತರ ಬಂತು. ದಾರಿ ತಪ್ಪಿದವನೆಂಬ ಹೆಸರು ಹೊತ್ತು ನಾಲ್ಕು ದಿನ ಅಲ್ಲಿ ಕೂರುವುದು ಪೈಲಟ್‌ಗೆ ಸಾವಿನಂತಿತ್ತು. ಪ್ರಭಂಜನ ರಾಯರು ಎದೆ ತಟ್ಟಿ ಅವನಿಗೆ ಬಸ್ರಾದ ಕಥೆ ಹೇಳಿದರು. ಮರುದಿನ ಬೆಳಗಿನ ಗಾಡಿಗೆ ತೋಟಪ್ಪನನ್ನು ಕರೆಸಿಯೇ ಬಿಟ್ಟರು.

ತೋಟಪ್ಪ ಹೊರಟಾಗ ಕೊಟ್ರಬಸಮ್ಮ ಬಾಗಿಲಿಗೆ ಅಡ್ಡ ನಿಂತಳು.

“ಹೊಲದು ಬರ್ರಿ. ಸರಿ ಬಳಿಯಾಕ ಮಾತ್ರ ಹೋಗಬ್ಯಾಡ್ರಿ.”

“ನನಗ ತಿಳಿಯಂಗಿಲ್ಲೇನ?” ಎಂದು ಸಿಡುಕಿ ಅವನು ನಡೆದ.

ಕೆರೆಯಂಗಳದಲ್ಲಿ ಜನ ಇರುವೆಯಂತೆ ನೆರೆದಿದ್ದರು. ತೋಟಪ್ಪ ಮೊಣಕಾಲೂರಿ ಕುಳಿತು ಹರುಕಿನ ಅಂಚು ಕೂಡಿಸಿ ಹೊಲಿದ, ಮೇಲೆ ಕೋರಾ ಬಟ್ಟೆಯ ತೇಪೆ ಇಟ್ಟು ಹೊಲಿದ. ಅಂಗುಲಕ್ಕೆ ಎಂಟು, ಒಂದೂ ತಪ್ಪಲಿಲ್ಲ. ಆ ಹೊಲಿಗೆಯಲ್ಲಿ ಯಾವ ಮೋಸವೂ ಇರಲಿಲ್ಲ ಎಂಬುದನ್ನು ಯಾರೇ ಆಗಲಿ ಒಪ್ಪಬೇಕು. ಎದ್ದು ತಿರುಗಿದರೆ ರಾಯರು ಆಗಲೇ ಕುರುಬರ ಮನೆಯಿಂದ ಒಂದು ಗಡಿಗೆ ಸರಿ ಕಾಯಿಸಿ ತರಿಸಿದ್ದರು.

“ಬಳಿರಿ ತೋಟಪ್ಪನವ್ರೆ. ಬಸ್ರಾದ ಕೈ ಹೆಂಗಿತ್ತು, ಈ ಮಂದಿ ನೋಡ್ಲಿ.”

ನಿಜ ಹೇಳಲು ಇದೇ ಹೊತ್ತು. ಇದು ಆಗುವ ಮಾತಲ್ಲ ಎಂದಿದ್ದರೆ ಮುಗಿದುಹೋಗುತ್ತಿತ್ತು. ಪೈಲಟ್‌ಗೆ ಹಿಂದೂಸ್ಥಾನಿ ಬರುತ್ತಿತ್ತು, ತೋಟಪ್ಪನಿಗೂ ಅಷ್ಟಿಷ್ಟು ಬರುತ್ತಿತ್ತು, ನಡುವೆ ಯಾರೂ ಬೇಕಿರಲಿಲ್ಲ. ಆದರೆ ಇನ್ನೂರು ಜೊತೆ ಕಣ್ಣು ಅವನ ಮೇಲಿದ್ದವು, ಅವುಗಳ ಮುಂದೆ ರಾಯರ ಎರಡು ಕಣ್ಣು. ನೆತ್ತಿಯ ಮೇಲೆ ಮೋಡದ ಚೂರೂ ಇರಲಿಲ್ಲ, ಬಳ್ಳಾರಿ ಅರ್ಧ ಗಂಟೆಯ ಹಾದಿ. ಅಲ್ಲಿ ಬೇರೆ ಬಟ್ಟೆ ಹಾಕುತ್ತಾರೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ತೋಟಪ್ಪ ಗಡಿಗೆಗೆ ಕೈ ಹಾಕಿದ.

ಮಧ್ಯಾಹ್ನದ ಬಿಸಿಲಿಗೆ ತೇಪೆ ಒಣಗಿ ಬಿಗಿಯಿತು. ಪೈಲಟ್ ಬೆರಳಿನಿಂದ ತಟ್ಟಿದರೆ ಟಣ್ಣೆಂದಿತು. ಅವನು ತೋಟಪ್ಪನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡ. ಆಗ ದೂರದ ಸಂಡೂರು ಗುಡ್ಡದ ಹಿಂದೆ ಒಂದು ಗುಡುಗು ಉರುಳಿತು. ತೋಟಪ್ಪ ತಲೆಯೆತ್ತಿ ಆ ಕಡೆ ನೋಡಿದ.

“ಮಳೆಗೆ ಸಿಕ್ಕಬೇಡ ಬೇಟಾ” ಎಂದ, ಹಿಂದೂಸ್ಥಾನಿಯಲ್ಲಿ, ಊರಿಗೆ ಹೊರಟವರಿಗೆ ಯಾರಾದರೂ ಹೇಳುವ ಹಾಗೆ ನಗುತ್ತ. ಪೈಲಟ್ ಅದನ್ನು ಹಿರಿಯರ ಹರಕೆಯೆಂದೇ ತಿಳಿದ. ವಿಮಾನ ಧೂಳೆಬ್ಬಿಸಿ ಎದ್ದು, ಕೆರೆಯ ಏರಿಯ ಮೇಲಿಂದ ಪೂರ್ವಕ್ಕೆ ಹೋಯಿತು. ಸದ್ದು ಅಡಗಿದ ಮೇಲೂ ತೋಟಪ್ಪ ಬಹಳ ಹೊತ್ತು ಕಿವಿಗೊಟ್ಟು ನಿಂತಿದ್ದ. ಒಂದು ತಾಸಿನ ಮೇಲೆ ಬಳ್ಳಾರಿಯಿಂದ ತಂತಿ ಬಂತು, ಸುಖವಾಗಿ ಮುಟ್ಟಿದೆ ಎಂದು.

ಅವತ್ತಿನಿಂದ ತೋಟಪ್ಪನಿಗೆ ನೆಲದ ಮೇಲೆ ಕಾಲಿಡಲು ಜನ ಬಿಡಲಿಲ್ಲ. ಅಕ್ಕಿ ಗಿರಣಿಯ ವಿರೂಪಾಕ್ಷಪ್ಪನವರು ಶನಿವಾರ ಗಿರಣಿಯ ಅಂಗಳದಲ್ಲಿ ಸನ್ಮಾನ ಇಟ್ಟುಕೊಂಡರು. ಕೊಟ್ರಬಸಮ್ಮ ಮಾತ್ರ ಪ್ರತಿ ದಿನ ಊಟಕ್ಕೆ ಬಡಿಸುವಾಗ ಒಂದೇ ಪ್ರಶ್ನೆ ಕೇಳುತ್ತಿದ್ದಳು.

“ಬಟ್ಟಿ ಬದಲಿ ಮಾಡಂತ ಆ ಹುಡುಗಗ ತಂತಿ ಕೊಟ್ರ್ಯಾ?”

“ಅಲ್ಲಿ ಮೆಕ್ಯಾನಿಕ್ ಇರ್ತಾನ. ಅವ ನೋಡ್ಕೊಂತಾನ.”

ಹೀಗೆ ಬುಧವಾರ ಹೋಯಿತು, ಗುರುವಾರ, ಶುಕ್ರವಾರವೂ ಹೋದವು. ಸಂಜೆಯಾದರೆ ಪಶ್ಚಿಮದಲ್ಲಿ ಮಿಂಚುತ್ತಿತ್ತು. ಕರಾವಳಿಗೆ ಮಳೆ ಹಿಡಿದಿದೆ ಎಂದು ಗಾಡಿಯಿಂದ ಇಳಿದವರು ಹೇಳುತ್ತಿದ್ದರು. ತೋಟಪ್ಪ ಆ ಮಾತು ಬಂದಾಗಲೆಲ್ಲ ಮಿಷನ್ನು ಜೋರಾಗಿ ತುಳಿಯುತ್ತಿದ್ದ.

ಶನಿವಾರ ಮೂರು ಗಂಟೆಗೆ ಗಿರಣಿಯ ಅಂಗಳ ತುಂಬಿತು. ವಿರೂಪಾಕ್ಷಪ್ಪನವರು ಶಾಲು ಹೊದಿಸಿ ಹಾರ ಹಾಕಿದರು. ಆಮೇಲೆ ಪ್ರಭಂಜನ ರಾಯರು ಎದ್ದು, ಜೇಬಿನಿಂದ ಒಂದು ಕಾಗದ ತೆಗೆದರು. ಪೈಲಟ್ ಬಳ್ಳಾರಿಯಿಂದ ಬರೆದದ್ದು, ಎಲ್ಲರ ಮುಂದೆ ಓದಬೇಕೆಂದೇ ಇಟ್ಟುಕೊಂಡಿದ್ದೇನೆ ಎಂದು ಹೆಮ್ಮೆಯಿಂದ ಹೇಳಿ, ಇಂಗ್ಲಿಷಿನಲ್ಲಿದ್ದುದನ್ನು ಕನ್ನಡಕ್ಕೆ ಮಾಡಿ ಓದಿದರು. “ಇಲ್ಲಿಯ ಮೆಕ್ಯಾನಿಕ್ ತೇಪೆಯನ್ನು ತಟ್ಟಿ ನೋಡಿ ಬೆರಗಾದ. ಯುದ್ಧಕಾಲ, ಡೋಪಿಗೆ ಬರ. ಬಸ್ರಾದಲ್ಲಿ ಶತ್ರುವಿನ ಮೇಲೆ ಹಾರಿ ಬಂದ ಮದ್ದು ಇದು ಎಂದು ನಾನು ಹೇಳಿದ ಮೇಲೆ, ಹಾಗಿದ್ದರೆ ಬಿಚ್ಚುವುದೇಕೆ ಎಂದು ಹಾಗೆಯೇ ಬಿಟ್ಟ. ಶನಿವಾರ ಬೆಳಿಗ್ಗೆ ಟಪಾಲು ಹೊತ್ತು ಘಟ್ಟ ದಾಟಿ ಮಂಗಳೂರಿಗೆ ಹೊರಡುತ್ತೇನೆ. ತೋಟಪ್ಪನವರಿಗೆ ನನ್ನ ನಮಸ್ಕಾರ.”

ಜನ ಚಪ್ಪಾಳೆ ತಟ್ಟಿದರು. ತೋಟಪ್ಪ ಹಾರ ಕಿತ್ತುಹಾಕಿ ಎದ್ದು ನಿಂತ.

“ಸುಳ್ಳು! ಬಸ್ರಾದಾಗ ಅದು ಹಾರೇ ಇಲ್ಲ. ನೀರು ಬಿದ್ರ ಬಿಚ್ಚಿಕೊಂತೈತಿ. ತಂತಿ ಕೊಡ್ರಿ ರಾಯರ, ಜಲ್ದಿ, ಆ ಹುಡುಗನ್ನ ನಿಲ್ಲಸ್ರಿ!”

ಎಷ್ಟು ಸಂಕೋಚ ನೋಡ್ರಿ ದೊಡ್ಡವರದು ಎಂದು ಯಾರೋ ನಕ್ಕರು. ರಾಯರು ನಗಲಿಲ್ಲ. ತೋಟಪ್ಪನ ಮುಖ ನೋಡಿ ಅವರ ಮುಖದ ಬಣ್ಣ ಇಳಿಯಿತು. ಇಬ್ಬರೂ ಹೊಸಪೇಟೆ ಸ್ಟೇಷನ್ನಿಗೆ ಓಡಿದರು. ರಾಯರೇ ಕುಳಿತು ಬಳ್ಳಾರಿಗೆ ತಂತಿ ಬಡಿದರು. ಬೆಳಿಗ್ಗೆ ಏಳಕ್ಕೆ ಹೊರಟಿದೆ, ಮಂಗಳೂರು ಮುಟ್ಟಿಲ್ಲ ಎಂಬ ಉತ್ತರ ಬಂತು.

ಅಂದು ಸಂಜೆ ಸುದ್ದಿ ಬರಲಿಲ್ಲ, ಭಾನುವಾರವೂ ಬರಲಿಲ್ಲ. ಸೋಮವಾರ ರಾಯರು ತಾವೇ ಅಂಗಡಿಗೆ ಬಂದರು. ಕೈಯಲ್ಲಿ ಚಿತ್ರದ ಪುಸ್ತಕ ಇರಲಿಲ್ಲ. ಘಟ್ಟದ ಕೆಳಗಿನ ಕಾಡಿನಲ್ಲಿ ವಿಮಾನ ಸಿಕ್ಕಿದೆ, ಹುಡುಗ ಉಳಿದಿಲ್ಲ, ಭಾರಿ ಮಳೆಯೇ ಕಾರಣವೆಂದು ಬರೆದುಕೊಂಡಿದ್ದಾರೆ ಎಂದರು. ಯಾರೂ ತೋಟಪ್ಪನ ಹೆಸರು ಎತ್ತಿರಲಿಲ್ಲ, ಎತ್ತುವವರೂ ಇರಲಿಲ್ಲ. ಕೊಟ್ರಬಸಮ್ಮ ಒಳಗಿನಿಂದ ಕೇಳಿ ಸೆರಗು ಬಾಯಿಗೆ ಒತ್ತಿಕೊಂಡಳು. ರಾಯರು ಹೊಸ್ತಿಲಲ್ಲೇ ಕುಳಿತರು.

“ಆ ಕಾಗದ ನನಗ ಗುರುವಾರಾನ ಬಂದಿತ್ತು ತೋಟಪ್ಪನವ್ರೆ. ಸಭಾದಾಗ ಓದಬೇಕು, ನಿಮಗ ಖುಷಿ ಆಗ್ತದ ಅಂತ ಎರಡು ದಿನ ಜೇಬಿನಾಗ ಇಟ್ಕೊಂಡೆ. ಖರೇ ಹೇಳ್ರಿ. ಗುರುವಾರಾನ ನಿಮಗ ಓದಿ ಹೇಳಿದ್ರ, ಅವತ್ತ ಬಾಯಿ ಬಿಡ್ತಿದ್ರ್ಯಾ?”

ಹೌದು ಎಂದರೆ ಪಾಪದ ಪಾಲು ರಾಯರ ಕೊರಳಿಗೆ ಬೀಳುತ್ತಿತ್ತು, ತನ್ನ ಎದೆ ಅರ್ಧ ಹಗುರಾಗುತ್ತಿತ್ತು. ತೋಟಪ್ಪ ಬಾಯಿ ತೆರೆದ.

“ಇಲ್ರಿ ರಾಯರ” ಎಂದ. “ಗುರುವಾರ ನನಗಿನ್ನಾ ಶಾಲು ಹಾಕಿರಲಿಲ್ಲ, ಅದರ ಆಸಿ ಇತ್ತು.”