ದೇವರ ಅಂಗಳಕ್ಕೆ ಎಷ್ಟು ಟ್ರೇಲರ್ ಗರಸು

ನನ್ನ ಟೇಪಿಗೆ ಮೊದಲಿನ ಎರಡು ಇಂಚು ಇಲ್ಲ. ಏನನ್ನೇ ಅಳೆದರೂ ಕೊನೆಗೆ ಎರಡು ಕಳೆಯಬೇಕು. ನಿನ್ನೆ ರಬಕವಿಯ ಹೆಣ್ಣುಮಕ್ಕಳ ಶಾಲೆಯೊಂದರ ಮುಂದೆ ತೋಟ ಮಾಡಲು ಎಷ್ಟು ಮಣ್ಣು ಬೇಕೆಂದು ಅಳೆಯುತ್ತಿದ್ದೆ. ಅಲ್ಲಿನ ಹೆಡ್‌ಬಾಯಾರು ಬಗ್ಗಿ ನೋಡಿ, ಹೊಸದೊಂದು ಕೊಳ್ಳಬಾರದೇ ಎಂದರು. ನಾನು ನಕ್ಕು ಸುಮ್ಮನಾದೆ. ಸುಮ್ಮನಾಗುವುದು ನನಗೆ ಚೆನ್ನಾಗಿ ಬರುವ ವಿದ್ಯೆ. ನಿಮಗಾದರೆ ಕಾರಣ ಹೇಳಬಹುದು. ನೀವು ಎದುರಿಗೆ ಕುಳಿತಿಲ್ಲವಲ್ಲ.

ನಮ್ಮ ಊರು ಹೊಳೆಯ ದಂಡೆಯಲ್ಲಿತ್ತು. ಆಣೆಕಟ್ಟಿನ ಹಿನ್ನೀರು ಬರುತ್ತದೆಂದು ಎಲ್ಲರೂ ಹೊಸ ಊರಿಗೆ ಬಂದೆವು. ನಮ್ಮ ಹಿಂದೆ ಬೀರೇಶ್ವರನೂ ಬಂದ. ಗುಡಿ ಎದ್ದಿತು, ಅಂಗಳ ಮಾತ್ರ ತಗ್ಗಿನಲ್ಲೇ ಉಳಿಯಿತು. ಅಪ್ಪಟ ಎರೆಮಣ್ಣು. ಮಳೆ ಬಿದ್ದರೆ ಸಾಕು, ಭಕ್ತರು ಒಳಗೆ ಬರುತ್ತಿದ್ದರು, ಚಪ್ಪಲಿಗಳು ನಡುದಾರಿಯಲ್ಲೇ ನಿಲ್ಲುತ್ತಿದ್ದವು. ಗುಡ್ಡದ ಕೆಂಪು ಗರಸು, ಅಂದರೆ ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು, ತಂದು ತುಂಬುವುದೆಂದು ಹಿರಿಯರು ಗೊತ್ತುಮಾಡಿದರು.

ಅದಕ್ಕೆ ಸಿಕ್ಕುವುದು ಒಂದೇ ದಿನ. ಅಮಾವಾಸ್ಯೆಗೆ ನಮ್ಮಲ್ಲಿ ಎತ್ತು ಹೂಡುವುದಿಲ್ಲ. ಟ್ರ್ಯಾಕ್ಟರಿಗೆ ಕೊರಳಿಲ್ಲದಿದ್ದರೂ ಅದಕ್ಕೂ ಅಂದು ಹೊಲದ ಕೆಲಸವಿಲ್ಲ; ದೇವರ ಕೆಲಸಕ್ಕೆ ಮಾತ್ರ ಬರುತ್ತದೆ. ಮುಂದಿನ ಅಮಾವಾಸ್ಯೆಯ ಹೊತ್ತಿಗೆ ಮಳೆ ಹಿಡಿದು ಗುಡ್ಡದ ದಾರಿಯೇ ಮುಚ್ಚುತ್ತದೆ. ಗರಸು ಕಡಿಮೆಯಾದರೆ ಇನ್ನೊಂದು ವರ್ಷ ಕೆಸರು. ಹೆಚ್ಚಾದರೆ ಅಂಗಳ ಹೊಸ್ತಿಲಿಗಿಂತ ಮೇಲೇರಿ, ಮಳೆನೀರು ದೇವರ ಪಾದಕ್ಕೆ.

ನಾನು ಆಗಷ್ಟೇ ಪದವಿಯ ಕೊನೆಯ ಪರೀಕ್ಷೆ ಬರೆದು ಬಂದಿದ್ದೆ. ಕಾಕಾ ನನ್ನನ್ನು ಕೇಳದೆಯೇ ಹಿರಿಯರೆದುರು ನನ್ನ ಹೆಸರು ಹೇಳಿಬಿಟ್ಟಿದ್ದ. ಗೂಟ ನೆಟ್ಟು, ದಾರ ಎಳೆದು, ತಗ್ಗಿನ ಆಳವನ್ನು ಹತ್ತು ಕಡೆ ನೋಡಿದೆ. ಧುಮ್ಮಸಿನಿಂದ ಬಡಿದು ಗಟ್ಟಿ ಮಾಡಿದ ಮೇಲೆ ಸಡಿಲ ಗರಸು ಇಳಿಯುತ್ತದೆಂದು ಅದನ್ನೂ ಸೇರಿಸಿದೆ. ನಲವತ್ತು ಟ್ರೇಲರ್ ಎಂದೆ. ನೆಲ ನೋಡಿಕೊಂಡೇ ಹೇಳಿದೆ ಎನ್ನಿ.

ಪೂಜಾರಿ ಮುತ್ಯಾ ಎಲೆಯಡಿಕೆಯ ಚೀಲ ಬಿಚ್ಚುತ್ತ, "ಅಂಗಳಾ ತುಂಬತೀಯೋ, ಕೆರಿ ತುಂಬತೀಯೋ ತಂಗಿ?" ಎಂದ. ಎಲ್ಲರೂ ನಕ್ಕರು.

"ಅಕಿ ಲೆಕ್ಕಾ ಮಾಡ್ಯಾಳ," ಎಂದ ಕಾಕಾ. "ನಲವತ್ತಂದ್ರ ನಲವತ್ತು."

ಮನೆಮನೆಗೆ ಪಾಲು ಹಂಚಿದರು. ಕೊನೆಯ ಆರು ಟ್ರೇಲರ್, ಸಾವಳಗಿಗೆ ಮದುವೆ ಮಾಡಿಕೊಟ್ಟ ನಮ್ಮ ಅತ್ತೆಯ ಪಾಲಿಗೆ. ದೂರದಿಂದ ಬರಬೇಕಲ್ಲ, ಅದಕ್ಕೇ ಕೊನೆಗೆ.

ಅಮಾವಾಸ್ಯೆಯ ಬೆಳಿಗ್ಗೆ ಮೊದಲ ಟ್ರೇಲರ್ ಬಂದಾಗಲೇ ನನ್ನ ಲೆಕ್ಕ ತಪ್ಪಿದ್ದು ಕಂಡಿತು. ನಾನು ಲೆಕ್ಕ ಹಾಕಿದ್ದು ಅಂಚಿನ ಮಟ್ಟಕ್ಕೆ ತುಂಬಿದ ಟ್ರೇಲರಿಗೆ. ಇವರು ಗುಡ್ಡವನ್ನೇ ಹೇರಿದ್ದರು. ನಮ್ಮವರು ಕಣದಲ್ಲಿ ದೇವರ ಪಾಲಿನ ಜೋಳವನ್ನು ಎಂದಾದರೂ ಮಟ್ಟಕ್ಕೆ ಅಳೆದಿದ್ದಾರೆಯೇ? ಸೇರಿನ ಮೇಲೆ ಶಿಖರ ಕಟ್ಟಿಯೇ ಹಾಕುತ್ತಾರೆ. ಗರಸಿಗೂ ಅದೇ ನ್ಯಾಯ. ಅದು ಗೊತ್ತಿದ್ದವಳೇ ನಾನು, ಆದರೆ ಟ್ರೇಲರ್ ಲೆಕ್ಕ ಹಾಕುವಾಗ ಜೋಳ ನೆನಪಾಗಿರಲಿಲ್ಲ. ಬಂದ ಟ್ರೇಲರುಗಳನ್ನೆಲ್ಲ ಹತ್ತಿ ಶಿಖರವನ್ನು ಅಳೆದೆ. ಐದು ಟ್ರೇಲರಿನಲ್ಲಿ ಆರರಷ್ಟು ಬರುತ್ತಿತ್ತು. ಅತ್ತೆಯ ಪಾಲು ಬರುವ ಮುಂಚೆಯೇ ಅಂಗಳ ತುಂಬುತ್ತದೆ.

ತುಂಬಿತು. ಅತ್ತೆಯ ಟ್ರ್ಯಾಕ್ಟರ್ ತಿರುವಿನಲ್ಲಿ ಕಾಣಿಸಿತು. ಓಡಿಸುತ್ತಿದ್ದ ಗಂಡನ ಪಕ್ಕದ ಮಡ್‌ಗಾರ್ಡಿನ ಮೇಲೆ ಹೊಸ ಇಳಕಲ್ ಸೀರೆ ಉಟ್ಟು ಆಕೆ ಕುಳಿತಿದ್ದಳು. ಮಾತಾಡಬೇಕಾದವಳು ನಾನೇ. ಟೇಪನ್ನು ನೆಲದಲ್ಲೇ ಬಿಟ್ಟು ದಾರಿಗೆ ಅಡ್ಡ ಹೋಗಿ ನಿಂತೆ.

"ಅತ್ತಿ, ಅಂಗಳಕ್ಕ ಸಾಕಾತು."

ಇಂಜಿನ್ ನಿಂತಿತು. ಅತ್ತೆ ಕೆಳಗಿಳಿದು ಬಂದಳು. "ತವರಮನಿ ದೇವರಿಗೆ ನನ್ನ ಮಣ್ಣು ಬ್ಯಾಡಾತೇನ?"

ಕಾಕಾ ಏನೋ ಹೇಳಲು ಬಂದ. ಮುತ್ಯಾ ನನಗೆ, "ಹಾಕಲಿ ಬಿಡವ್ವಾ, ದೇವರೇನು ಬ್ಯಾಡ ಅಂತಾನೇನು," ಎಂದ. ನಾನು ಆತನ ಮುಖ ನೋಡಿಯೇ ಹೇಳಿದೆ: "ಹಾಕಿದ್ರ ಹೊಸ್ತಿಲಾ ಮುಳುಗತೈತಿ, ಮುತ್ಯಾ." ನಂತರ ಅತ್ತೆಗೆ ಕೈ ತೋರಿಸಿದೆ. ಡಾಂಬರು ರಸ್ತೆಯಿಂದ ಅಂಗಳದವರೆಗಿನ ದಾರಿ ಹಾಗೇ ಕಪ್ಪಗೆ ಬಿದ್ದಿತ್ತು. ಅದನ್ನು ಯಾರೂ ನನಗೆ ಅಳೆಯಲು ಹೇಳಿರಲಿಲ್ಲ. "ನಿನ್ನ ಮಣ್ಣು ಅಲ್ಲಿ ಬೇಕು. ಗುಡಿಗೆ ಬರಾವ್ರೆಲ್ಲಾ ಮೊದಲ ನಿನ್ನ ಗರಸಿನ ಮ್ಯಾಲ ಕಾಲಿಡ್ತಾರ."

ಅತ್ತೆ ದಾರಿ ನೋಡಿದಳು, ನನ್ನನ್ನು ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಗಂಡನಿಗೆ, "ಕುಂತ ಏನ ನೋಡ್ತೀರಿ, ತಿರಗಸ್ರಿ," ಎಂದಳು. ಹಾಗೆ ತಿರುಗಿಸುವಾಗಲೇ ಟ್ರೇಲರಿನ ಗಾಲಿ ನನ್ನ ಟೇಪಿನ ತುದಿಯ ಮೇಲೆ ಹಾಯ್ದು, ಮೊದಲಿನ ಎರಡು ಇಂಚು ಮುರಿದುಹೋಯಿತು.

ಧುಮ್ಮಸು ಬಡಿದು ಮುಗಿಸಿದಾಗ ಅಂಗಳ ಹೊಸ್ತಿಲಿಗಿಂತ ಒಂದು ಗೇಣು ಕೆಳಗೆ ನಿಂತಿತು. ಮೊದಲ ಮಳೆಗೆ ನೀರು ಗುಡಿಗೆ ಬೆನ್ನು ತಿರುಗಿಸಿ ಹರಿದುಹೋಯಿತು. ಮುತ್ಯಾ ಕೆಸರಾಗದ ಕಾಲು ಎತ್ತಿ ಕಾಕಾನಿಗೆ ತೋರಿಸಿದನಂತೆ, ನನಗೆ ಹೇಳಲಿಲ್ಲ. ಆದರೂ ಆ ರಾತ್ರಿ ಕನ್ನಡಿಯಲ್ಲಿ ನನ್ನ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿಕೊಂಡೆ.

ನಿನ್ನೆ ಶಾಲೆಯಲ್ಲಿ, ಅಂದಾಜು ಎಷ್ಟಾಗಬಹುದು ಎಂದು ಬಾಯಾರು ಕೇಳಿದಾಗ, ನಾಳೆ ಹೇಳುತ್ತೇನೆ ಎಂದು ಬಂದಿದ್ದೆ. ಈ ದಿನ ಬೆಳಿಗ್ಗೆ ಮೊದಲು ಟ್ರ್ಯಾಕ್ಟರಿನವನ ಮನೆಗೆ ಹೋದೆ. ಮಟ್ಟಕ್ಕೆ ತುಂಬುತ್ತೀರೋ, ಶಿಖರ ಕಟ್ಟುತ್ತೀರೋ ಎಂದು ಕೇಳಿದೆ. ಅವನು ತನ್ನ ಮಗಳು ಅದೇ ಶಾಲೆಯವಳೆಂದ. ಟೇಪು ಬಿಚ್ಚಿ ಅವನ ಟ್ರೇಲರ್ ಅಳೆದೆ, ಎರಡಿಂಚು ಕಳೆದೆ, ಮಗಳ ಪಾಲಿನ ಶಿಖರ ಕೂಡಿಸಿದೆ. ನಂತರ ಶಾಲೆಗೆ ಹೋಗಿ, ಕೊನೆಯ ಸಾಲಿನ ಹುಡುಗಿಗೂ ಕೇಳಿಸುವಷ್ಟು ಗಟ್ಟಿಯಾಗಿ, ಹನ್ನೊಂದು ಟ್ರೇಲರ್ ಎಂದೆ.