ಕೆಂಪು ದಾರ ಕಟ್ಟಿದ ಕೊಂಬೆ

ಭೂತಗನ್ನಡಿಯನ್ನು ಒತ್ತಿ ಒತ್ತಿ ನಮ್ಮ ಮೇಷ್ಟ್ರ ಬಲಗಣ್ಣಿನ ಸುತ್ತ ದುಂಡನೆಯ ಕಪ್ಪು ಗುರುತು ಬಿದ್ದಿತ್ತು. ಚಳ್ಳಕೆರೆ ಕಾಲೇಜಿನಲ್ಲಿ ನನಗೆ ಸಸ್ಯಶಾಸ್ತ್ರ ಕಲಿಸಿದವರು. ನಿವೃತ್ತರಾದ ಮೇಲೂ ಭಾನುವಾರ ನನ್ನ ಬೈಕಿನ ಹಿಂದೆ ಕೂತು ದೇವಸಮುದ್ರದ ಕಡೆಯ ಗುಡ್ಡಕ್ಕೆ ಹೊರಡುತ್ತಿದ್ದರು. ದಾರಿಯುದ್ದಕ್ಕೂ "ನಿಲ್ಸು" ಅನ್ನುವರು. ಇಳಿದು ನೋಡಿದರೆ ಆ ಸೀಮೆಯಲ್ಲೆಲ್ಲ ಬೆಳೆಯುವ ಅದೇ ಕಮರದ ಮರ. ನನಗೆ ರೇಗುತ್ತಿತ್ತು.

ಗುಡ್ಡದ ಬಂಡೆಸಂದಿನಲ್ಲಿ ಒಂದು ಗಿಡ್ಡ ಮರವಿತ್ತು. ಅಂಥದ್ದು ಬೇರೆಲ್ಲೂ ನಮಗೆ ಸಿಕ್ಕಿರಲಿಲ್ಲ. ಈವರೆಗೆ ಯಾರೂ ಗುರುತಿಸದ ಕುಲದ್ದು ಎಂದು ಅವರ ನಂಬಿಕೆ. ಎಲೆ, ಹೂಗಳನ್ನು ಒಣಗಿಸಿ ಬೆಂಗಳೂರಿನ ತಜ್ಞರಿಗೆ ಕಳಿಸಿದ್ದರು. ಕಾಯಿ ನೋಡದೆ ಏನೂ ಹೇಳಲಾಗದು ಎಂದು ಉತ್ತರ ಬಂತು.

ಆ ವರ್ಷ ಒಂದೇ ಕೊಂಬೆಯಲ್ಲಿ ಕಾಯಿ ಕಟ್ಟಿತು. ಇನ್ನೂ ಹಸಿರು.

"ಕಿತ್ಕಳಾಣ ಸಾರ್, ಇರೋದೇ ಇಷ್ಟು."

"ನಿನ್ನ ಅವಸರಕ್ಕೆ ಮರ ಹಡೆಯಲ್ಲ, ಸುಮ್ನಿರಲೇ," ಎಂದು ಆ ಕೊಂಬೆಗೆ ಕೆಂಪು ದಾರ ಕಟ್ಟಿದರು. ಇರುವುದೇ ಒಂದು ಮರ, ಗುರುತು ಯಾತಕ್ಕೆ ಎಂದೆ. "ಪದ್ಧತಿ," ಎಂದರು.

ಮತ್ತೆ ಹೋದಾಗ ಆ ಕೊಂಬೆಯೊಂದೇ ಇರಲಿಲ್ಲ. ಕಾಯಿ ಮೇಕೆಗಳ ಹೊಟ್ಟೆ ಸೇರಿತ್ತು. ಕಡಿದ ಮುದುಕ ಅಲ್ಲೇ ಮೇಕೆ ಮೇಯಿಸುತ್ತಿದ್ದ.

"ನೀವೇ ಕೆಂಪು ಕಟ್ಟಿದ್ರಲ್ಲ ಮೇಷ್ಟ್ರೇ. ಸಂತೇಲಿ ಮಾರಿದ ಕುರಿಗೆ ಕೆಂಪು ಬಳೀತೀವಿ, ಅದು ಮಂದೆಯಿಂದ ಹೋದಂಗೆ. ಈ ಕೊಂಬೆ ನಮಗೆ ಬಿಟ್ಟೀರಿ ಅಂದ್ಕಂಡೆ. ಬ್ಯಾರೆ ಒಂದು ಎಲೆ ಮುಟ್ಟಿಲ್ಲ, ನೋಡ್ರಿ."

ನಿಜ, ಮುಟ್ಟಿರಲಿಲ್ಲ. ಯಾರ ಮೇಲೆ ಸಿಟ್ಟಾಗಬೇಕೋ ನನಗೆ ತಿಳಿಯಲಿಲ್ಲ. ಮೇಷ್ಟ್ರು ಕಡಿದ ಜಾಗಕ್ಕೆ ಭೂತಗನ್ನಡಿ ಹಿಡಿದರು. "ಸೀಳಿಲ್ಲ. ಒಂದೇ ಏಟಿಗೆ ಕಡಿದೀಯಪ್ಪ. ಚಿಗುರ್ತೈತೆ ಬಿಡು." ಮುದುಕ ಸಮಾಧಾನದಿಂದ ಬೀಡಿ ಹಚ್ಚಿದ.

ಮರುವರ್ಷ ಕಾಯಿ ಕಟ್ಟಿದ್ದನ್ನು ಹೇಳಲು ಅವರ ಮನೆಗೆ ಹೋದೆ. ಆಗಲೇ ಅವರಿಗೆ ಗುಡ್ಡ ಹತ್ತಲಾಗುತ್ತಿರಲಿಲ್ಲ.

"ಈಗ್ಲಾದ್ರೂ ಕೀಳ್ಲಾ ಸಾರ್?"

"ಬಲೀಲಿ, ತಡಿ."

ಅಷ್ಟೇ. ತಲೆ ಕುರ್ಚಿಯ ಪಕ್ಕಕ್ಕೆ ವಾಲಿತು. ಮುಂದಿನ ಮಾತಿಗೆಂದು ನಾನು ಕಾಯುತ್ತಲೇ ಇದ್ದೆ. ಕೈ ಮುಟ್ಟಿದ ಮೇಲೆ ಗೊತ್ತಾಯಿತು.

ಬಲಿತ ಮೇಲೆಯೇ ಕಿತ್ತು ಕಳಿಸಿದೆ. ಹೊಸ ಕುಲವೇ ಎಂದು ತಜ್ಞರು ಬರೆದರು. ಅದು ತಿಳಿದದ್ದು ಬೀಜದ ಅಂಚಿಗಿರುವ ತೆಳುರೆಕ್ಕೆಯಿಂದಂತೆ. ಹಸಿರು ಕಾಯಲ್ಲಿ ಅದು ಮೂಡಿರುವುದಿಲ್ಲ. ನಿಮ್ಮ ಮಾತೇ ಸರಿ ಎಂದು ಒಪ್ಪಿಕೊಳ್ಳೋಣವೆಂದರೆ ಎದುರಿಗೆ ಅವರಿಲ್ಲ.

ಈಗಲೂ ಆ ದಾರಿಯಲ್ಲಿ ಕಮರದ ಮರ ಕಂಡಲ್ಲಿ ಬೈಕ್ ನಿಲ್ಲಿಸುತ್ತೇನೆ. ಹಿಂದೆ ಕೂತ ಹೆಂಡತಿಗೆ ರೇಗುತ್ತದೆ.